ಫೈರ್‌ಫಾಕ್ಸ್‌ನೊಳಗಿನ ಮುದ್ರೆಗೆ ಮಾರ್ಚ್ 14ರ ಗಡುವು

ಕಂಪ್ಯೂಟರ್ ಪ್ರಶ್ನೋತ್ತರ, ಮಾರ್ಚ್ 2025

ಮೊಜಿಲ್ಲಾ ಸಂಸ್ಥೆಯ ಫೈರ್‌ಫಾಕ್ಸ್ ಬ್ರೌಸರಿನೊಳಗೆ ಅಡಕವಾಗಿರುವ ಒಂದು ಮೂಲ ಪ್ರಮಾಣಪತ್ರದ, ಅಂದರೆ ಉಳಿದ ಸಹಿಗಳಿಗೆ ಆಧಾರವಾಗಿ ನಿಲ್ಲುವ ಡಿಜಿಟಲ್ ಮುದ್ರೆಯ, ಅವಧಿ ಇದೇ ಮಾರ್ಚ್ 14ರ ಶುಕ್ರವಾರ ಮುಗಿಯುತ್ತದೆ. ಈ ಸುದ್ದಿ ಹರಡಿದಂದಿನಿಂದ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಇದನ್ನೇ ಕುರಿತವು. ಆದ್ದರಿಂದ ಪ್ರಿಂಟರ್, ಪೆನ್‌ಡ್ರೈವ್‌ಗಳ ತಕರಾರುಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು, ಈ ಸಲದ ಪುಟಗಳನ್ನು ಇದೊಂದು ವಿಷಯಕ್ಕೇ ಬಿಟ್ಟಿದ್ದೇನೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಒಂದಾಗಿಸಿದ್ದೇನೆ. ಪತ್ರ ಬರೆದವರು ಮನ್ನಿಸಬೇಕು.

ಪ್ರಶ್ನೆ: ಮಾರ್ಚ್ 14ರ ನಂತರ ಫೈರ್‌ಫಾಕ್ಸ್ ಕೆಲಸ ಮಾಡುವುದೇ ಇಲ್ಲವೆಂದು ನಮ್ಮ ನಿವೃತ್ತ ನೌಕರರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಹಾಕಿದ್ದಾರೆ. ಪಿಂಚಣಿ ಖಾತೆ ನೋಡುವುದು, ಪತ್ರಿಕೆ ಓದುವುದು ಎಲ್ಲವೂ ನನಗೆ ಅದರಲ್ಲೇ. ಈ ಮಾತು ನಿಜವೇ? ನಿಜವಾದರೆ ನಾನೇನು ಮಾಡಬೇಕು?
(ನಿವೃತ್ತ ಶಿಕ್ಷಕರು, ಸಾಗರ)

ಉತ್ತರ: ಅರ್ಧ ನಿಜ, ಮೇಷ್ಟ್ರೇ. ಫೈರ್‌ಫಾಕ್ಸ್ ಆ ದಿನ ಬಾಗಿಲು ಹಾಕಿಕೊಳ್ಳುವುದಿಲ್ಲ. ನಿಮ್ಮ ಬ್ಯಾಂಕಿನ ತಾಣ, ಪತ್ರಿಕೆಗಳ ತಾಣ ಎಂದಿನಂತೆಯೇ ತೆರೆಯುತ್ತವೆ, ಏಕೆಂದರೆ ಆ ತಾಣಗಳ ಪ್ರಮಾಣಪತ್ರಗಳು ಬೇರೆ, ಈಗ ಅವಧಿ ಮುಗಿಯುತ್ತಿರುವುದು ಬೇರೆ. ಇದು ಮೊಜಿಲ್ಲಾ ತನ್ನದೇ ಉಪಯೋಗಕ್ಕೆಂದು ಬ್ರೌಸರಿನೊಳಗೆ ಇಟ್ಟಿರುವ ಪ್ರಮಾಣಪತ್ರ. ಬ್ರೌಸರಿಗೆ ನಾವು ಸೇರಿಸಿಕೊಳ್ಳುವ ಕಿರು ತಂತ್ರಾಂಶಗಳಾದ ಆಡ್-ಆನ್‌ಗಳು ನಿಜವಾಗಿಯೂ ಮೊಜಿಲ್ಲಾದಿಂದ ಪರಿಶೀಲನೆಯಾಗಿ ಬಂದವೇ, ತನಗೆ ಆಗಾಗ ಬರುವ ಸೂಚನಾಪಟ್ಟಿಗಳು ನಿಜವಾಗಿಯೂ ಮೊಜಿಲ್ಲಾ ಕಳಿಸಿದವೇ ಎಂದು ಬ್ರೌಸರ್ ಒರೆಹಚ್ಚಿ ನೋಡುವುದು ಇದರ ಆಧಾರದ ಮೇಲೆ.

ಹಳೆಯ ಆವೃತ್ತಿ ಇಟ್ಟುಕೊಂಡವರಿಗೆ ಮೂರು ತೊಂದರೆಗಳು ಎದುರಾಗಬಹುದು. ಹಾಕಿಕೊಂಡ ಆಡ್-ಆನ್‌ಗಳು, ಅಂದರೆ ಜಾಹೀರಾತು ತಡೆಯುವವು, ಪದಗಳ ಅರ್ಥ ತೋರಿಸುವವು ಇತ್ಯಾದಿ, ನಿಷ್ಕ್ರಿಯವಾಗಬಹುದು. ಹಣ ಕೊಟ್ಟು ಸಿನಿಮಾ ನೋಡುವ ತಾಣಗಳಲ್ಲಿ ನಕಲು ತಡೆಯುವ ಬೀಗವಿರುವ ವಿಡಿಯೊಗಳು ಓಡದಿರಬಹುದು. ಮೂರನೆಯದು ಕಣ್ಣಿಗೆ ಕಾಣುವುದಿಲ್ಲ. ನನ್ನ ಎಣಿಕೆಯಲ್ಲಿ ಅದೇ ಹೆಚ್ಚು ಕೆಟ್ಟದ್ದು. ಅಪಾಯಕಾರಿ ಆಡ್-ಆನ್‌ಗಳ ಪಟ್ಟಿ, ರದ್ದಾದ ಪ್ರಮಾಣಪತ್ರಗಳ ಪಟ್ಟಿ, ಕಳವಾದ ಪಾಸ್‌ವರ್ಡ್‌ಗಳ ಬಗ್ಗೆ ಕೊಡುವ ಎಚ್ಚರಿಕೆ, ಇವೆಲ್ಲ ತೆರೆಮರೆಯಲ್ಲಿ ಬ್ರೌಸರಿಗೆ ಬಂದು ಸೇರುತ್ತಿರುತ್ತವೆ. ಈ ಪೂರೈಕೆ ನಿಂತರೆ ಪರದೆಯ ಮೇಲೆ ಯಾವ ಸೂಚನೆಯೂ ಮೂಡುವುದಿಲ್ಲ. ಆಡ್-ಆನ್ ನಿಂತರೆ ನಾವು ಗೊಣಗಿಕೊಂಡಾದರೂ ಸರಿಪಡಿಸಲು ಕೂರುತ್ತೇವೆ; ಕಾವಲುಗಾರ ನಿದ್ದೆಹೋದದ್ದು ಗೊತ್ತಾಗುವುದು ಕಳವಾದ ಮೇಲೆಯೇ.

ಇನ್ನು ಮಾಡಬೇಕಾದದ್ದು. ಫೈರ್‌ಫಾಕ್ಸಿನ ಬಲಮೇಲ್ತುದಿಯಲ್ಲಿರುವ ಮೂರು ಗೆರೆಗಳನ್ನು ಒತ್ತಿ, ಪಟ್ಟಿಯ ಕೊನೆಯಲ್ಲಿರುವ ‘ಹೆಲ್ಪ್’ ತೆರೆದು, ‘ಅಬೌಟ್ ಫೈರ್‌ಫಾಕ್ಸ್’ ಆರಿಸಿಕೊಳ್ಳಿ. ಸಣ್ಣ ಕಿಟಕಿಯೊಂದು ತೆರೆದು ಆವೃತ್ತಿಯ ಸಂಖ್ಯೆಯನ್ನು ತೋರಿಸುತ್ತದೆ, ಹೊಸದಿದ್ದರೆ ಅಲ್ಲಿಯೇ ಇಳಿಸಿಕೊಳ್ಳಲು ತೊಡಗುತ್ತದೆ. ಮುಗಿದ ಮೇಲೆ ಬ್ರೌಸರನ್ನು ಮರುಪ್ರಾರಂಭಿಸುವ ಗುಂಡಿ ಕಾಣಿಸುತ್ತದೆ. ಆ ಗುಂಡಿಯನ್ನು ಒತ್ತುವುದನ್ನು ಮರೆಯಬಾರದು. ಎಷ್ಟೋ ಮಂದಿ ಕಂಪ್ಯೂಟರನ್ನು ಆರಿಸದೆ ಮುಚ್ಚಳ ಮಾತ್ರ ಮುಚ್ಚಿಡುವುದರಿಂದ, ಇಳಿದು ಕುಳಿತ ಹೊಸ ಆವೃತ್ತಿ ವಾರಗಟ್ಟಲೆ ಬಾಗಿಲಲ್ಲೇ ಕಾಯುತ್ತಿರುತ್ತದೆ.

ಸಂಖ್ಯೆ 128 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನಿಮಗೆ ಯಾವ ಕೆಲಸವೂ ಇಲ್ಲ. ಆ ಆವೃತ್ತಿ ಬಂದದ್ದು 2024ರ ಜುಲೈನಲ್ಲಿ. 2025ರ ಮಾರ್ಚಿನ ಮೊದಲ ವಾರ ಬಂದದ್ದು 136. ಕಚೇರಿಗಳಲ್ಲಿ ಮತ್ತು ಹಳೆಯ ಯಂತ್ರಗಳಲ್ಲಿ ಬಳಸುವ ‘ಇಎಸ್ಆರ್’ ಎಂಬ ದೀರ್ಘಾವಧಿ ಆವೃತ್ತಿಯಾದರೆ 115.13 ಅಥವಾ ಅದರ ನಂತರದ್ದು ಇರಬೇಕು. ಮೇಷ್ಟ್ರಿಗೆ ಹೇಳಬೇಕಾಗಿಲ್ಲವೆನಿಸಿದರೂ ಒಂದು ಮಾತು: ಈ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ. ಗಣಿತದಲ್ಲಿ 115.9 ದೊಡ್ಡದು, ಇಲ್ಲಿ ಚುಕ್ಕೆಯ ಮುಂದಿನದನ್ನು ಬಿಡಿ ಸಂಖ್ಯೆಯಾಗಿ ಓದಬೇಕಾದ್ದರಿಂದ 115.13 ದೊಡ್ಡದು. “ನಮ್ಮದು 115.9, ಸಾಕಲ್ಲವೇ” ಎಂದು ಇಬ್ಬರು ಕೇಳಿದ್ದಾರೆ. ಸಾಲದು.

ಪ್ರಶ್ನೆ: ಪ್ರಮಾಣಪತ್ರಕ್ಕೆ ಅವಧಿ ಯಾಕಿರಬೇಕು? ಇದ್ದರೂ, ಮೊಜಿಲ್ಲಾ ತನ್ನ ಕಡೆಯಿಂದಲೇ ದಿನಾಂಕವನ್ನು ಮುಂದೂಡಿ ಕೈತೊಳೆದುಕೊಳ್ಳಬಹುದಿತ್ತಲ್ಲ? ಬಳಕೆದಾರರನ್ನೇಕೆ ಓಡಾಡಿಸಬೇಕು?
(ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ನಿಮ್ಮ ಊರಿನ ಯಾವುದಾದರೂ ದಿನಸಿ ಅಂಗಡಿಯ ತಕ್ಕಡಿಯನ್ನೋ ತೂಕದ ಬಟ್ಟುಗಳನ್ನೋ ಹತ್ತಿರದಿಂದ ನೋಡಿ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ನಿಗದಿತ ಅವಧಿಗೊಮ್ಮೆ ಪರೀಕ್ಷಿಸಿ ಒತ್ತಿದ ಮುದ್ರೆ ಅದರ ಮೇಲಿರುತ್ತದೆ. ಅವಧಿ ಮುಗಿದ ಮರುದಿನ ಕಿಲೋ ಬಟ್ಟು ಒಂಬೈನೂರು ಗ್ರಾಮಿಗೆ ಇಳಿಯುವುದಿಲ್ಲ. ಆದರೆ ಅದು ಸರಿಯಾದ ಕಿಲೋ ಎಂದು ಗ್ರಾಹಕನಿಗೆ ಮೂರನೆಯವರು ಕೊಟ್ಟಿದ್ದ ಭರವಸೆ ಅಲ್ಲಿಗೆ ಮುಗಿಯಿತು. ಡಿಜಿಟಲ್ ಪ್ರಮಾಣಪತ್ರದ ಅವಧಿಯೂ ಇದೇ ಜಾತಿಯದು. ಅದರ ಹಿಂದಿರುವ ರಹಸ್ಯ ಕೀಲಿ ಕಾಲಾಂತರದಲ್ಲಿ ಸೋರಿಹೋಗಬಹುದು, ಬಳಸಿದ ಗಣಿತವಿಧಾನ ಮುಂದೆ ದುರ್ಬಲವೆಂದು ತಿಳಿಯಬಹುದು, ಕೀಲಿ ಕಾಯುವ ಸಂಸ್ಥೆಯೇ ಬದಲಾಗಬಹುದು. ಆದ್ದರಿಂದ ಎಂದೆಂದಿಗೂ ನಂಬು ಎನ್ನುವ ಬದಲು ಇಂಥ ದಿನದವರೆಗೆ ನಂಬು ಎಂದು ಬರೆದಿಡುವುದು ಪದ್ಧತಿ. ಮೊಜಿಲ್ಲಾದ ಈ ಮೂಲ ಪ್ರಮಾಣಪತ್ರವನ್ನು ರಚಿಸಿದ್ದು 2015ರಲ್ಲಿ, ಹತ್ತು ವರ್ಷಗಳ ಅವಧಿಗೆ. ಆಗ ಹತ್ತು ವರ್ಷವೆಂದರೆ ಬಹಳ ದೂರವೆನಿಸಿರಬೇಕು.

ಎರಡನೆಯ ಪ್ರಶ್ನೆಗೆ ಉತ್ತರ ನಂಬಿಕೆಯ ಸರಪಳಿಯ ರಚನೆಯಲ್ಲಿದೆ. ತುದಿಯಲ್ಲಿ ಆಡ್-ಆನ್‌ನ ಸಹಿ. ಆ ಸಹಿಗೆ ಜಾಮೀನು ನಿಲ್ಲುವುದು ಒಂದು ಮಧ್ಯಂತರ ಪ್ರಮಾಣಪತ್ರ. ಮಧ್ಯಂತರಕ್ಕೆ ಜಾಮೀನು ಮೂಲ ಪ್ರಮಾಣಪತ್ರ. ಮೂಲಕ್ಕೆ ಜಾಮೀನು ಯಾರು? ಯಾರೂ ಇಲ್ಲ. ಅದನ್ನು ಬ್ರೌಸರ್ ನಂಬುವುದು, ಅದರ ಗುರುತು ಬ್ರೌಸರಿನ ಕಾರ್ಯಕ್ರಮದೊಳಗೇ ಮೊದಲಿನಿಂದ ಬರೆದಿಟ್ಟಿದೆ ಎಂಬ ಒಂದೇ ಕಾರಣಕ್ಕೆ. ಹೀಗಿರುವಾಗ ಹೊಸ ಮೂಲವನ್ನು ದೂರದಿಂದ ಕಳಿಸಿ ‘ಇನ್ನು ಮುಂದೆ ಇದನ್ನು ನಂಬು’ ಎಂದರೆ, ಆ ಸಂದೇಶವನ್ನು ನಂಬಲು ಬ್ರೌಸರಿಗೆ ಏನು ಆಧಾರ? ಹಳೆಯ ಮೂಲದ ಸಹಿ ತಾನೇ? ಅದರ ಅವಧಿ ಮುಗಿದಿರುತ್ತದೆ. ಆದ್ದರಿಂದ ಬದಲಾಗಬೇಕಾದದ್ದು ಮೊಜಿಲ್ಲಾದ ಸರ್ವರಿನಲ್ಲಿರುವ ಕಾಗದವಲ್ಲ, ನಿಮ್ಮ ಮೇಜಿನ ಮೇಲಿರುವ ಪ್ರತಿ. ಹೊಸ ಮೂಲವನ್ನು ಹೊತ್ತು ಬಂದಿರುವುದೇ 128 ಮತ್ತು 115.13. ನಂಬುವವನ ಬಳಿಯಿರುವ ಪಟ್ಟಿ ಹಳೆಯದಾದರೆ ನಂಬಿಸುವವನು ಎಷ್ಟು ಹೊಸ ಪತ್ರ ತಂದರೂ ಪ್ರಯೋಜನವಿಲ್ಲ; ಈ ಅಂಕಣದ ಉಳಿದ ಉತ್ತರಗಳೂ ಈ ಒಂದು ಸಂಗತಿಯಿಂದಲೇ ಹೊರಡುತ್ತವೆ.

ಮಧ್ಯಂತರ ಮತ್ತು ಮೂಲಗಳ ನಡುವಣ ವ್ಯತ್ಯಾಸಕ್ಕೆ ಇದೇ ಫೈರ್‌ಫಾಕ್ಸಿನ ಇತಿಹಾಸದಲ್ಲಿ ಒಂದು ಒಳ್ಳೆಯ ಪಾಠವಿದೆ. 2019ರ ಮೇ 4ರಂದು, ನಮ್ಮ ಕಾಲಮಾನದಲ್ಲಿ ಬೆಳಗಿನ ಹೊತ್ತು, ಆಡ್-ಆನ್‌ಗಳಿಗೆ ಸಹಿ ಹಾಕುವ ಮಧ್ಯಂತರ ಪ್ರಮಾಣಪತ್ರದ ಅವಧಿ ಮುಗಿಯಿತು. ಅದನ್ನು ಸಕಾಲದಲ್ಲಿ ನವೀಕರಿಸದೆ ಹೋದದ್ದು ತಮ್ಮ ತಪ್ಪೆಂದು ಮೊಜಿಲ್ಲಾ ತಾನೇ ಒಪ್ಪಿಕೊಂಡಿತು. ಫೈರ್‌ಫಾಕ್ಸ್ ಆಡ್-ಆನ್‌ಗಳ ಸಹಿಯನ್ನು ದಿನಕ್ಕೊಮ್ಮೆ ಪರೀಕ್ಷಿಸುತ್ತದೆ, ಆ ಗಳಿಗೆ ಒಬ್ಬೊಬ್ಬರಿಗೆ ಒಂದೊಂದು. ಹೀಗಾಗಿ ಕೆಲವರ ಆಡ್-ಆನ್‌ಗಳು ಕೂಡಲೇ ಆರಿದವು, ಕೆಲವರವು ಸಂಜೆಗೆ, ಇನ್ನು ಕೆಲವರಿಗೆ ಏನೂ ಆಗುವ ಮೊದಲೇ ಪರಿಹಾರ ಬಂತು. ಎಂಜಿನಿಯರುಗಳು ಮಾಡಿದ ಉಪಾಯ ಸೊಗಸಾಗಿದೆ: ಅದೇ ಹೆಸರು, ಅದೇ ಕೀಲಿ, ಹೊಸ ದಿನಾಂಕವಿರುವ ಮಧ್ಯಂತರ ಪ್ರಮಾಣಪತ್ರವೊಂದನ್ನು ಹೊರಡಿಸಿ, ಸಾವಿರಾರು ಆಡ್-ಆನ್‌ಗಳಿಗೆ ಮತ್ತೆ ಸಹಿ ಹಾಕುವ ಗೋಜಿಲ್ಲದೆ, ಅದನ್ನು ದೂರದಿಂದಲೇ ಬ್ರೌಸರುಗಳಿಗೆ ತಲುಪಿಸಿದರು. ಮರುದಿನ 66.0.4 ಆವೃತ್ತಿಯೂ ಬಂತು. ಆ ಉಪಾಯ ಫಲಿಸಿದ್ದು ಅದಕ್ಕೆ ಜಾಮೀನು ನಿಂತಿದ್ದ ಮೂಲ ಪ್ರಮಾಣಪತ್ರ ಆಗ ಇನ್ನೂ ಜೀವಂತವಿದ್ದುದರಿಂದ. ಈ ಸಲ ಮುಗಿಯುತ್ತಿರುವುದು ಆ ಮೂಲದ ಆಯುಷ್ಯವೇ. ವ್ಯತ್ಯಾಸವೆಂದರೆ ಈ ಸಲ ಯಾರೂ ದಿನಾಂಕ ಮರೆತಿಲ್ಲ, ಎಂಟು ತಿಂಗಳು ಮೊದಲೇ ಹೊಸ ಮೂಲ ಕೈಗೆ ಬಂದಿದೆ.

ಪ್ರಶ್ನೆ: ನಮ್ಮ ಅರಿವು ಕೇಂದ್ರದಲ್ಲಿ ನಾಲ್ಕು ಕಂಪ್ಯೂಟರುಗಳಿವೆ, ನಾಲ್ಕೂ ವಿಂಡೋಸ್ 7. ಮಕ್ಕಳು ಫೈರ್‌ಫಾಕ್ಸಿನಲ್ಲೇ ಪಾಠ ನೋಡುತ್ತಾರೆ. ಹೊಸ ಆವೃತ್ತಿ ಹಾಕಲು ಹೋದರೆ ‘ನಿಮ್ಮ ವಿಂಡೋಸ್ ಹಳೆಯದು’ ಎಂದು ಬರುತ್ತದೆ. ನೆಟ್ ಕೂಡ ನಿಧಾನ. ಏನು ದಾರಿ?
(ಗ್ರಾಮ ಪಂಚಾಯಿತಿ ಗ್ರಂಥಾಲಯ ಮೇಲ್ವಿಚಾರಕಿ, ಕೊಪ್ಪಳ ಜಿಲ್ಲೆ)

ಉತ್ತರ: ದಾರಿ ಇದೆ, ಮೇಡಂ. ವಿಂಡೋಸ್ 7, 8 ಮತ್ತು 8.1ಕ್ಕೆ ಸಾಮಾನ್ಯ ಫೈರ್‌ಫಾಕ್ಸಿನ ಕೊನೆಯ ಆವೃತ್ತಿ 2023ರ ಜುಲೈನಲ್ಲಿ ಬಂದ 115. ಆದರೆ ಅಂಥ ಯಂತ್ರಗಳು ಇನ್ನೂ ಬಳಕೆಯಲ್ಲಿವೆ ಎಂಬುದನ್ನು ಅರಿತ ಮೊಜಿಲ್ಲಾ, 115ರ ದೀರ್ಘಾವಧಿ ಶಾಖೆಗೆ ಭದ್ರತಾ ತಿದ್ದುಪಡಿಗಳನ್ನು ಕೊಡುತ್ತಲೇ ಬಂದಿದೆ. ಅದರ ಗಡುವನ್ನು 2025ರ ಆರಂಭದಲ್ಲಿ ಮತ್ತೆ ಮುಂದೂಡಿ ಆ ವರ್ಷದ ಸೆಪ್ಟೆಂಬರ್‌ವರೆಗೆ ಒಯ್ದಿತು. ಅದೇ ಯಂತ್ರಗಳಲ್ಲಿ ಕ್ರೋಮ್ 2023ರ ಆರಂಭದಲ್ಲಿ 109ಕ್ಕೇ ನಿಂತುಹೋಗಿದೆ. ಆದ್ದರಿಂದ ವಿಂಡೋಸ್ 7 ಬಿಟ್ಟು ಏಳಲಾಗದವರಿಗೆ ಈಗಿರುವ ಎರಡರಲ್ಲಿ ಫೈರ್‌ಫಾಕ್ಸ್ 115 ಇಎಸ್ಆರ್ ವಾಸಿ.

ಒಂದು ಕಂಪ್ಯೂಟರಿನಲ್ಲಿ ‘ಅಬೌಟ್ ಫೈರ್‌ಫಾಕ್ಸ್’ ತೆರೆದು ನೋಡಿ. 115ರ ಸರಣಿಯಲ್ಲೇ ಇದ್ದರೆ ಅದು ತಾನಾಗಿಯೇ ಇಎಸ್ಆರ್ ಶಾಖೆಗೆ ಸೇರಿಕೊಂಡು ಮೇಲೇರುತ್ತದೆ. ಬಹಳ ಹಳೆಯ ಆವೃತ್ತಿಯಿದ್ದರೆ ಒಂದೇ ನೆಗೆತಕ್ಕೆ ಬಾರದೆ ಎರಡು ಮೂರು ಹಂತಗಳಲ್ಲಿ ಏರಬಹುದು. ಪ್ರತಿ ಸಲ ಮರುಪ್ರಾರಂಭಿಸಿ ಮತ್ತೆ ಅದೇ ಕಿಟಕಿ ತೆರೆಯಬೇಕು. ನಿಮ್ಮಲ್ಲಿ ನೆಟ್ ನಿಧಾನವೆಂದಿರಿ. ಹಾಗಿದ್ದಲ್ಲಿ ನಾಲ್ಕು ಯಂತ್ರಗಳಲ್ಲೂ ಇಳಿಸುತ್ತ ಕೂರುವ ಬದಲು, ಮೊಜಿಲ್ಲಾದ ಅಧಿಕೃತ ತಾಣದಲ್ಲಿ ವಿಂಡೋಸ್ 7ಕ್ಕೆಂದು ಕೊಟ್ಟಿರುವ 115 ಇಎಸ್ಆರ್‌ನ ಪೂರ್ಣ ಸ್ಥಾಪಕ ಕಡತವನ್ನು ಒಮ್ಮೆ ಇಳಿಸಿ, ಪೆನ್‌ಡ್ರೈವಿನಲ್ಲಿ ಹಾಕಿ ನಾಲ್ಕಕ್ಕೂ ಒಯ್ಯಿರಿ. ಯಂತ್ರ 32 ಬಿಟ್‌ನದೋ 64 ಬಿಟ್‌ನದೋ ಎಂದು ‘ಕಂಪ್ಯೂಟರ್’ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ನಲ್ಲಿ ಮೊದಲೇ ನೋಡಿಕೊಳ್ಳಿ. ಹಳೆಯ ಫೈರ್‌ಫಾಕ್ಸನ್ನು ಅಳಿಸಬೇಕಾಗಿಲ್ಲ, ಅದರ ಮೇಲೆಯೇ ಹಾಕಬಹುದು. ಮಕ್ಕಳು ಏನನ್ನೂ ಕೆಡಿಸದಿರಲೆಂದು ಕೆಲವು ಕಡೆ, ಕಂಪ್ಯೂಟರನ್ನು ಆರಿಸಿ ಹಾಕಿದಾಗಲೆಲ್ಲ ಎಲ್ಲವನ್ನೂ ಹಿಂದಿನ ಸ್ಥಿತಿಗೆ ಮರಳಿಸುವ ತಂತ್ರಾಂಶವನ್ನು ಹಾಕಿರುತ್ತಾರೆ. ನಿಮ್ಮಲ್ಲೂ ಅದಿದ್ದರೆ ಮೊದಲು ಅದನ್ನು ತಡೆದಿಡಬೇಕು, ಇಲ್ಲವಾದರೆ ಇಂದು ಹಾಕಿದ ಹೊಸ ಆವೃತ್ತಿ ನಾಳೆ ಬೆಳಿಗ್ಗೆ ಮಾಯವಾಗಿರುತ್ತದೆ.

ಬ್ರೌಸರಿನ ಪಟ್ಟಿಗಳು ಕನ್ನಡದಲ್ಲಿ ಕಾಣಲೆಂದು ಭಾಷಾ ಪ್ಯಾಕ್ ಹಾಕಿಕೊಂಡಿದ್ದರೆ ಅದೂ ಆಡ್-ಆನ್‌ಗಳ ಲೆಕ್ಕಕ್ಕೇ ಸೇರುತ್ತದೆಂಬುದು ನೆನಪಿರಲಿ. ಫೈರ್‌ಫಾಕ್ಸಿನ ಕನ್ನಡ ಆವೃತ್ತಿಯನ್ನೇ ನೇರವಾಗಿ ಇಳಿಸಿಕೊಳ್ಳಲು ಸಾಧ್ಯವಿದೆ. ಹೇಗಿದ್ದರೂ ಹೊಸದಾಗಿ ಹಾಕುತ್ತಿದ್ದೀರಿ, ಅದನ್ನೇ ಆರಿಸಿಕೊಂಡರೆ ಮಕ್ಕಳಿಗೂ ಅನುಕೂಲ. ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡಿರುವ ಶಾಲೆಯೊಂದರಿಂದಲೂ ಪತ್ರ ಬಂದಿದೆ. ಅವರಿಗೆ ನನ್ನ ಬಳಿ ಸಿಹಿ ಸುದ್ದಿಯಿಲ್ಲ: ಎಕ್ಸ್‌ಪಿಗೆ ಫೈರ್‌ಫಾಕ್ಸ್ 52ರ ಸರಣಿಯೇ ಕೊನೆ, ಅದು 2018ರಲ್ಲೇ ನಿಂತಿತು. ಆ ಯಂತ್ರವನ್ನು ಟೈಪಿಂಗ್ ಕಲಿಸಲು ಬಳಸಿ, ನೆಟ್ ತಂತಿ ಕಿತ್ತಿಡಿ.

ಪ್ರಶ್ನೆ: ನಾನು ಲೋಕೋಪಯೋಗಿ ಕಾಮಗಾರಿಗಳ ಗುತ್ತಿಗೆದಾರ. ಟೆಂಡರ್ ಹಾಕುವಾಗ ಡಿಜಿಟಲ್ ಸಹಿ ಒತ್ತಲು ಜಾವಾ ಬೇಕಾಗುತ್ತಿತ್ತು, ಅದಕ್ಕಾಗಿ ನಮ್ಮ ಹುಡುಗ 2016ರ ಫೈರ್‌ಫಾಕ್ಸನ್ನು ಅಪ್‌ಡೇಟ್ ಆಗದಂತೆ ಮಾಡಿಟ್ಟಿದ್ದಾನೆ. ಈಗ ಅಪ್‌ಡೇಟ್ ಮಾಡಿದರೆ ಸಹಿ ಕೆಲಸ ಕೆಡುತ್ತದೆಯೇ? ನನ್ನ ಸಹಿಯ ಟೋಕನ್ ಅವಧಿಯೂ ಇದೇ ತಿಂಗಳು ಮುಗಿಯುತ್ತದೆ. ಎರಡೂ ಒಂದೇ ವಿಷಯವೇ?
(ಗುತ್ತಿಗೆದಾರರು, ವಿಜಯಪುರ)

ಉತ್ತರ: ನಿಮ್ಮದು ಬಹಳ ಕಚೇರಿಗಳ ಕಥೆ. ಹಳೆಯ ಫೈರ್‌ಫಾಕ್ಸುಗಳು ಇನ್ನೂ ಉಳಿದಿರುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಒಂದು ಕಾಲಕ್ಕೆ ಯುಎಸ್‌ಬಿ ಟೋಕನ್ನಿನಲ್ಲಿರುವ ಸಹಿಯನ್ನು ತಾಣಕ್ಕೆ ದಾಟಿಸಲು ಬ್ರೌಸರಿನೊಳಗೆ ಜಾವಾ ಆಪ್ಲೆಟ್ ಎಂಬ ಕಿರು ಕಾರ್ಯಕ್ರಮ ಓಡಬೇಕಿತ್ತು. 2017ರ ಮಾರ್ಚಿನಲ್ಲಿ ಬಂದ ಫೈರ್‌ಫಾಕ್ಸ್ 52 ಅಂಥದ್ದನ್ನು ಓಡಿಸುವ ಪ್ಲಗ್-ಇನ್‌ಗಳಿಗೆ, ಫ್ಲ್ಯಾಶ್ ಒಂದನ್ನು ಬಿಟ್ಟು, ಬಾಗಿಲು ಮುಚ್ಚಿತು. ತಾಣಗಳು ಕೂಡಲೇ ಬದಲಾಗಲಿಲ್ಲ, ಟೆಂಡರಿನ ಕೊನೆಯ ದಿನಾಂಕಗಳು ಕಾಯಲಿಲ್ಲ. ಹೀಗಾಗಿ ಜನ ಬ್ರೌಸರನ್ನೇ ಹಿಂದಿನ ಆವೃತ್ತಿಯಲ್ಲಿ ಕಟ್ಟಿಹಾಕಿದರು. ನಿಮ್ಮ ಹುಡುಗ ಮಾಡಿದ್ದು ಆ ದಿನಕ್ಕೆ ಸರಿಯಾದ ಕೆಲಸವೇ. ಅದನ್ನು ಎಂಟು ವರ್ಷ ಹಾಗೆಯೇ ಬಿಟ್ಟು, ಅದೇ ಬ್ರೌಸರಿನಲ್ಲಿ ಬ್ಯಾಂಕ್ ವ್ಯವಹಾರವನ್ನೂ ಮಾಡುತ್ತಿದ್ದರೆ ಅದು ಮಾತ್ರ ತಪ್ಪು.

ಮೊದಲು ನೀವು ಬಳಸುವ ಟೆಂಡರ್ ತಾಣದ ಸಹಾಯ ಪುಟವನ್ನು ನೋಡಿ. ಬ್ರೌಸರಿನೊಳಗಿನ ಆಪ್ಲೆಟ್‌ಗೆ ಬದಲಾಗಿ, ಕಂಪ್ಯೂಟರಿನಲ್ಲಿ ಪ್ರತ್ಯೇಕವಾಗಿ ಓಡುವ ಸಹಿಯ ಉಪತಂತ್ರಾಂಶವನ್ನು ಅಲ್ಲಿ ಕೊಟ್ಟಿರುತ್ತಾರೆ. ಅದಿದ್ದರೆ ಹೊಸ ಫೈರ್‌ಫಾಕ್ಸಿನಿಂದ ನಿಮ್ಮ ಕೆಲಸ ಕೆಡುವುದಿಲ್ಲ. ಒಂದು ವೇಳೆ ಇನ್ನೂ ಹಳೆಯ ಪದ್ಧತಿಯ ತಾಣವೊಂದು ಉಳಿದಿದ್ದರೆ, ಹಳೆಯ ಫೈರ್‌ಫಾಕ್ಸನ್ನು ಮುಟ್ಟದೆ, ಹೊಸದನ್ನು ಬೇರೆ ಫೋಲ್ಡರಿನಲ್ಲಿ ಸ್ಥಾಪಿಸಿ. 2019ರ ಫೈರ್‌ಫಾಕ್ಸ್ 67ರಿಂದೀಚೆಗೆ ಪ್ರತಿಯೊಂದು ಸ್ಥಾಪನೆಗೂ ಅದರದೇ ಪ್ರೊಫೈಲ್ (ಬುಕ್‌ಮಾರ್ಕು, ಪಾಸ್‌ವರ್ಡ್‌ಗಳನ್ನು ಇಡುವ ಫೋಲ್ಡರ್) ಇರುವುದರಿಂದ ಅವೆರಡೂ ಒಂದರ ಕಡತದಲ್ಲಿ ಇನ್ನೊಂದು ಕೈಹಾಕುವ ಅಪಾಯ ಕಡಿಮೆ. ಹಳೆಯದು ಆ ಒಂದು ತಾಣಕ್ಕೆ ಮಾತ್ರ, ಮಿಕ್ಕಿದ್ದೆಲ್ಲವೂ ಹೊಸದರಲ್ಲಿ. ಹಳೆಯ ಬ್ರೌಸರಿನಲ್ಲಿದ್ದ ಆಡ್-ಆನ್‌ಗಳು ಹೊಸದಕ್ಕೆ ಬರುತ್ತವೆಂದು ಮಾತ್ರ ನೆಚ್ಚಬೇಡಿ: 2017ರ ನವೆಂಬರಿನ ಫೈರ್‌ಫಾಕ್ಸ್ 57 ಹಳೆಯ ಶೈಲಿಯ ಆಡ್-ಆನ್‌ಗಳನ್ನು ಪೂರ್ತಿಯಾಗಿ ಕೈಬಿಟ್ಟಿದೆ.

ನಿಮ್ಮ ಟೋಕನ್ನಿನ ಅವಧಿಗೂ ಮಾರ್ಚ್ 14ಕ್ಕೂ ಸಂಬಂಧವಿಲ್ಲ, ಆದರೆ ಕುಲ ಒಂದೇ. ನಿಮ್ಮದು 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ, ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರಿಂದ ಪರವಾನಗಿ ಪಡೆದ ಸಂಸ್ಥೆಯೊಂದು ನಿಮ್ಮ ಹೆಸರಿಗೆ ಕೊಟ್ಟ ಪ್ರಮಾಣಪತ್ರ. ಅದರ ಅವಧಿ ಹೆಚ್ಚೆಂದರೆ ಮೂರು ವರ್ಷ. ಬ್ರೌಸರ್ ಅಪ್‌ಡೇಟ್ ಮಾಡಿದರೆ ಅದು ನವೀಕರಣವಾಗುವುದಿಲ್ಲ. ನಿಮ್ಮ ಗುರುತಿನ ಪರಿಶೀಲನೆ ಮತ್ತೆ ಆಗಬೇಕಾದ್ದರಿಂದ ಒಂದೆರಡು ದಿನ ಹಿಡಿದರೂ ಹಿಡಿಯಬಹುದು. ಟೆಂಡರಿನ ಕೊನೆಯ ದಿನದ ಸಂಜೆ ಇದನ್ನು ಕಂಡುಕೊಂಡವರ ಪಾಡನ್ನು ನೋಡಿದ್ದೇನೆ. ಈ ವಾರವೇ ಅರ್ಜಿ ಹಾಕಿ.

ಪ್ರಶ್ನೆ: ಕಂಪ್ಯೂಟರಿನ ದಿನಾಂಕವನ್ನು ಹಿಂದಕ್ಕೆ ಇಟ್ಟುಬಿಟ್ಟರೆ ಪ್ರಮಾಣಪತ್ರ ಸದಾ ಚಾಲ್ತಿಯಲ್ಲೇ ಇರುತ್ತದಲ್ಲ? ನನ್ನ ಗೆಳೆಯ ಹಾಗೇ ಮಾಡು ಎನ್ನುತ್ತಾನೆ.
(ಮೊಬೈಲ್ ಅಂಗಡಿ ಮಾಲೀಕರು, ಪುತ್ತೂರು)

ಉತ್ತರ: ಗೆಳೆಯರ ತರ್ಕದಲ್ಲಿ ತಪ್ಪಿಲ್ಲ. ಆದರೆ ಆ ಗಡಿಯಾರವನ್ನು ನೋಡುವುದು ಈ ಒಂದು ಪ್ರಮಾಣಪತ್ರವಷ್ಟೇ ಅಲ್ಲ. ಜಗತ್ತಿನ ತಾಣಗಳಲ್ಲಿ ಬಹಳಷ್ಟು 90 ದಿನಗಳ ಪ್ರಮಾಣಪತ್ರ ಬಳಸುತ್ತವೆ. ನೀವು ದಿನಾಂಕವನ್ನು ಕಳೆದ ವರ್ಷಕ್ಕೆ ತಿರುಗಿಸಿದರೆ ಅವುಗಳಿಗೆಲ್ಲ ‘ಇನ್ನೂ ಚಾಲ್ತಿಗೆ ಬಂದಿಲ್ಲ’ ಎಂಬ ಹಣೆಪಟ್ಟಿ ಬೀಳುತ್ತದೆ. ಒಂದು ಆಡ್-ಆನ್ ಉಳಿಸಿಕೊಳ್ಳಲು ಊರಿನ ಬಾಗಿಲುಗಳನ್ನೆಲ್ಲ ಮುಚ್ಚಿಕೊಂಡಂತೆ. ಅಂಗಡಿಯ ಬಿಲ್ಲುಗಳ ದಿನಾಂಕ ಕೆಡುವುದು ಬೇರೆ.

ಇದರ ತಿರುವುಮುರುವು ತೊಂದರೆಯೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಕಂಪ್ಯೂಟರಿನಲ್ಲಿ ಪ್ರತಿದಿನ ಬೆಳಿಗ್ಗೆ ಯಾವ ತಾಣವೂ ತೆರೆಯದೆ, ಎಲ್ಲದಕ್ಕೂ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಬರುತ್ತಿದ್ದರೆ, ಬ್ರೌಸರನ್ನು ಬಯ್ಯುವ ಮೊದಲು ಪರದೆಯ ಮೂಲೆಯಲ್ಲಿರುವ ದಿನಾಂಕವನ್ನು ನೋಡಿ. ಹತ್ತು ಹದಿನೈದು ವರ್ಷ ಹಿಂದಿನ ಇಸವಿ ಅಲ್ಲಿ ಕಂಡರೆ, ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ ಸತ್ತಿದೆ ಎಂದರ್ಥ. ಸಾಮಾನ್ಯವಾಗಿ ಅದು ಸಿಆರ್ 2032. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಬದಲಿಸಿ, ದಿನಾಂಕ ಸರಿಪಡಿಸಿ. ಫಾರ್ಮ್ಯಾಟ್ ಮಾಡಬೇಕು ಎನ್ನುವವರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ಒಂದು ತಾಣ ನೋಡುತ್ತಿದ್ದಾಗ ‘ನಿಮ್ಮ ಫೈರ್‌ಫಾಕ್ಸ್ ಪ್ರಮಾಣಪತ್ರ ಮುಗಿಯುತ್ತಿದೆ, ಕೂಡಲೇ ಇಲ್ಲಿ ಒತ್ತಿ ಅಪ್‌ಡೇಟ್ ಮಾಡಿ’ ಎಂದು ದೊಡ್ಡದಾಗಿ ಬಂತು. ಒತ್ತಬಹುದೇ?
(ಗೃಹಿಣಿ, ಮೈಸೂರು)

ಉತ್ತರ: ಖಂಡಿತ ಒತ್ತಬೇಡಿ. ನಿಜವಾದ ಸುದ್ದಿಯೊಂದು ಹರಡಿದಾಗ ಅದರ ಬೆನ್ನೇರಿ ಇಂಥ ನಕಲಿಗಳು ಬರುತ್ತವೆ. ಫೈರ್‌ಫಾಕ್ಸಿನ ಅಪ್‌ಡೇಟ್ ಎಂದೂ ತಾಣದ ಪುಟದೊಳಗಿನಿಂದ ಬರುವುದಿಲ್ಲ. ಬ್ರೌಸರಿನ ಸ್ವಂತ ಪಟ್ಟಿಯಿಂದ, ಇಲ್ಲವೇ ಮೊಜಿಲ್ಲಾದ ತಾಣದ ವಿಳಾಸವನ್ನು ನೀವೇ ಟೈಪಿಸಿ ಹೋದಲ್ಲಿ, ಮೊಬೈಲಾದರೆ ಪ್ಲೇ ಸ್ಟೋರಿನಿಂದ ಬರುತ್ತದೆ. ಆಗಲೇ ಒತ್ತಿ ಕಡತವೊಂದು ಇಳಿದಿದ್ದರೆ ಅದನ್ನು ತೆರೆಯದೆ ಅಳಿಸಿಹಾಕಿ. ತೆರೆದೂ ಆಗಿದ್ದರೆ ವೈರಸ್ ತಪಾಸಣೆ ಮಾಡಿಸಿ, ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನು ಇನ್ನೊಂದು ಸಾಧನದಿಂದ ಬದಲಿಸಿ.

ಪ್ರಶ್ನೆ: ನಾವು ಕ್ರೋಮ್ ಬಳಸುತ್ತೇವೆ, ಮಗಳ ಬಳಿ ಐಫೋನ್ ಇದೆ. ನಮಗೂ ಇದು ಅನ್ವಯಿಸುತ್ತದೆಯೇ? ತಂದೆಯವರ ಹಳೆಯ ಆಂಡ್ರಾಯ್ಡ್ ಫೋನಿನಲ್ಲಂತೂ ಕೆಲವು ತಾಣಗಳು ಈಗಾಗಲೇ ತೆರೆಯುತ್ತಿಲ್ಲ.
(ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ)

ಉತ್ತರ: ಕ್ರೋಮ್, ಎಡ್ಜ್‌ಗಳಿಗೆ ಈ ದಿನಾಂಕದಿಂದ ಬಾಧೆಯಿಲ್ಲ. ಐಫೋನ್, ಐಪ್ಯಾಡ್‌ಗಳಲ್ಲಿರುವ ಫೈರ್‌ಫಾಕ್ಸಿಗೂ ಇಲ್ಲ, ಏಕೆಂದರೆ ಅದು ಈ ಮೂಲ ಪ್ರಮಾಣಪತ್ರವನ್ನು ಅವಲಂಬಿಸಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮತ್ತು ಆಂಡ್ರಾಯ್ಡ್‌ಗಳಲ್ಲಿರುವ ಫೈರ್‌ಫಾಕ್ಸ್‌ಗೆ ಇದೆ. ಫೈರ್‌ಫಾಕ್ಸಿನ ತಳಹದಿಯ ಮೇಲೆ ಕಟ್ಟಿದ ಟಾರ್‌ನಂಥ ಬ್ರೌಸರುಗಳನ್ನು ಬಳಸುವವರೂ ಅಪ್‌ಡೇಟ್ ಮಾಡಿಕೊಳ್ಳಬೇಕು. ಲಿನಕ್ಸಿನವರು ತಮ್ಮ ವಿತರಣೆಯ ಪ್ಯಾಕೇಜ್ ವ್ಯವಸ್ಥೆಯಿಂದಲೇ ಪಡೆದರೆ ಸಾಕು.

ನಿಮ್ಮ ತಂದೆಯವರ ಫೋನಿನ ತೊಂದರೆ ಬೇರೆ ಮೂಲದ್ದು, ಆದರೆ ತತ್ತ್ವ ಅದೇ. ಜಗತ್ತಿನ ಕೋಟಿಗಟ್ಟಲೆ ತಾಣಗಳಿಗೆ ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ, ಆರಂಭದಲ್ಲಿ ತನ್ನ ಸ್ವಂತ ಮೂಲವನ್ನು ಯಾರೂ ಅರಿಯದಿದ್ದುದರಿಂದ, ಹಳೆಯ ಸಂಸ್ಥೆಯೊಂದರ ಮೂಲದ ಜಾಮೀನಿನ ಮೇಲೆ ನಡೆಯುತ್ತಿತ್ತು. ಆ ಜಾಮೀನುದಾರನ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅಷ್ಟರಲ್ಲಿ ಹೊಸ ಫೋನುಗಳೆಲ್ಲ ಲೆಟ್ಸ್ ಎನ್‌ಕ್ರಿಪ್ಟ್‌ನ ಸ್ವಂತ ಮೂಲವನ್ನು ತಮ್ಮ ಪಟ್ಟಿಗೆ ಸೇರಿಸಿಕೊಂಡಿದ್ದವು, 7.1.1ಕ್ಕಿಂತ ಹಿಂದಿನ ಆಂಡ್ರಾಯ್ಡ್‌ಗಳ ಪಟ್ಟಿಯಲ್ಲಿ ಅದಿರಲಿಲ್ಲ, ಅವುಗಳಿಗೆ ಅಪ್‌ಡೇಟ್ ಕೊಡುವುದನ್ನು ತಯಾರಕರು ಎಂದೋ ನಿಲ್ಲಿಸಿದ್ದರು. 2020ರ ಕೊನೆಯಲ್ಲಿ ಆ ಸಂಸ್ಥೆಯೇ ಹೇಳಿದ ಲೆಕ್ಕದಂತೆ, ಬಳಕೆಯಲ್ಲಿದ್ದ ಆಂಡ್ರಾಯ್ಡ್ ಸಾಧನಗಳಲ್ಲಿ ಶೇ. 33.8ರಷ್ಟು ಅಂಥವು. ಹಳೆಯ ಆಂಡ್ರಾಯ್ಡ್ ತನ್ನ ಪಟ್ಟಿಯಲ್ಲಿರುವ ಮೂಲದ ಅವಧಿಯನ್ನು ಕಟ್ಟುನಿಟ್ಟಾಗಿ ನೋಡುವುದಿಲ್ಲ ಎಂಬ ಸಂದನ್ನು ಬಳಸಿಕೊಂಡು, ಮತ್ತೆ ಮೂರು ವರ್ಷ ಹೇಗೋ ನಡೆಸಿದರು. ಆ ವ್ಯವಸ್ಥೆಯೂ 2024ರ ಸೆಪ್ಟೆಂಬರಿಗೆ ಮುಗಿದುಹೋಗಿದೆ. ತಂದೆಯವರ ಫೋನು ಆ ಕಾಲದ್ದಾಗಿದ್ದರೆ ತಾಣಗಳು ತೆರೆಯದಿರುವುದಕ್ಕೆ ಇದೇ ಕಾರಣವಿರುವ ಸಂಭವ ಹೆಚ್ಚು.

ಅಚ್ಚರಿಯೆಂದರೆ ಮದ್ದು ಫೈರ್‌ಫಾಕ್ಸೇ. ಮಿಕ್ಕ ಬ್ರೌಸರುಗಳು ಆ ಫೋನುಗಳಲ್ಲಿ ಫೋನಿನ ಪಟ್ಟಿಯನ್ನೇ ನೆಚ್ಚಿಕೊಂಡಿದ್ದರೆ, ಫೈರ್‌ಫಾಕ್ಸ್ ತಾಣಗಳ ಮೂಲ ಪ್ರಮಾಣಪತ್ರಗಳ ಪಟ್ಟಿಯನ್ನು ತನ್ನ ಜೊತೆಯಲ್ಲೇ ಹೊತ್ತು ತರುತ್ತದೆ. ಆಂಡ್ರಾಯ್ಡ್ 5ರಿಂದ ಮೇಲಿನ ಫೋನುಗಳಲ್ಲಿ ಈಗ, ಅಂದರೆ 2025ರ ಮಾರ್ಚಿನಲ್ಲಿ, ಹೊಸ ಫೈರ್‌ಫಾಕ್ಸ್ ಹಾಕಬಹುದು. ಹಾಕಿ ನೋಡಿ, ತಾಣಗಳು ತೆರೆದಾವು. ಬ್ಯಾಂಕಿನ ಆ್ಯಪ್ ಮಾತ್ರ ಅಂಥ ಫೋನಿನಲ್ಲಿ ಬೇಡ. ಬ್ಯಾಂಕಿನವರಾದ ನಿಮಗೆ ಕಾರಣ ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ನಿಮ್ಮ ಪತ್ರಿಕೆ ನಮ್ಮ ಊರಿಗೆ ತಲುಪುವಷ್ಟರಲ್ಲಿ 14 ದಾಟಿರುತ್ತದೆ. ಆಮೇಲೆ ಅಪ್‌ಡೇಟ್ ಮಾಡಿದರೆ ನಡೆಯುತ್ತದೆಯೇ? ನನ್ನ ಬುಕ್‌ಮಾರ್ಕುಗಳು, ಉಳಿಸಿಟ್ಟ ಪಾಸ್‌ವರ್ಡ್‌ಗಳು ಹೋಗುತ್ತವೆಯೇ?
(ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು)

ಉತ್ತರ: ನಡೆಯುತ್ತದೆ. ಅಬೌಟ್ ಕಿಟಕಿಯಿಂದ ಆಗದಿದ್ದರೆ ಅಧಿಕೃತ ತಾಣದಿಂದ ಹೊಸ ಪ್ರತಿಯನ್ನು ಇಳಿಸಿ ಹಳೆಯದರ ಮೇಲೆಯೇ ಹಾಕಿ. ಬುಕ್‌ಮಾರ್ಕು, ಪಾಸ್‌ವರ್ಡ್‌ಗಳು ಇರುವುದು ಪ್ರೊಫೈಲ್ ಎಂಬ ಬೇರೆ ಫೋಲ್ಡರಿನಲ್ಲಿ. ಅಪ್‌ಡೇಟ್ ಅದನ್ನು ಅಳಿಸುವುದಿಲ್ಲ. ಆದರೂ ಮನಸ್ಸಿನ ಸಮಾಧಾನಕ್ಕೆ, ‘ಹೆಲ್ಪ್’ನಲ್ಲಿರುವ ‘ಮೋರ್ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ ಪುಟದಿಂದ ಪ್ರೊಫೈಲ್ ಫೋಲ್ಡರನ್ನು ತೆರೆದು, ಫೈರ್‌ಫಾಕ್ಸನ್ನು ಮುಚ್ಚಿ, ಆ ಫೋಲ್ಡರಿನ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಬಹುದು.

ಒಂದು ಕೆಲಸವನ್ನು ಮಾತ್ರ ಮಾಡಬೇಡಿ. ಆಡ್-ಆನ್‌ಗಳು ‘ಪರಿಶೀಲಿಸಲಾಗಲಿಲ್ಲ, ನಿಷ್ಕ್ರಿಯಗೊಳಿಸಲಾಗಿದೆ’ ಎಂದು ಕಂಡಾಗ ಗಾಬರಿಯಲ್ಲಿ ಅವನ್ನು ತೆಗೆದುಹಾಕಿ ಮತ್ತೆ ಹಾಕಲು ಹೋಗಬೇಡಿ. ತೆಗೆದರೆ ಅವುಗಳೊಳಗೆ ನೀವು ಮಾಡಿಟ್ಟಿದ್ದ ಹೊಂದಿಕೆಗಳೂ ಟಿಪ್ಪಣಿಗಳೂ ಅಳಿಸಿಹೋಗುತ್ತವೆ, ಮರುಸ್ಥಾಪನೆಗೆ ಹಳೆಯ ಬ್ರೌಸರ್ ಒಪ್ಪುವುದೂ ಇಲ್ಲ. 2019ರಲ್ಲಿ ಹೀಗೆ ಮಾಡಬೇಡಿರೆಂದು ಮೊಜಿಲ್ಲಾ ಹೇಳಿತ್ತು. ಅವು ಇದ್ದಲ್ಲೇ ಇರಲಿ. ಮೊದಲು ಬ್ರೌಸರನ್ನು ಅಪ್‌ಡೇಟ್ ಮಾಡಿ, ಮರುಪ್ರಾರಂಭಿಸಿ, ಆಮೇಲೆ ಆಡ್-ಆನ್‌ಗಳ ಪುಟ ತೆರೆದು ನೋಡಿ.